ಗುಡ್ಡದ ಮೇಲಿನ ನೂರ ಎಂಬತ್ತಮೂರು ಮನೆ

ನಕ್ಷೆಯಮ್ಮನ ಲೆಕ್ಕ ತಪ್ಪಿತು ಎಂದರೆ ಪುರಸಭೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಎರಡನೇ ಮಹಡಿಯ ಮೂಲೆ ಕೋಣೆಯಲ್ಲಿ ಕೂತು ಊರಿನ ನಕ್ಷೆ ಮಾಡುತ್ತಿದ್ದವಳು ಅವಳು. ಚರಂಡಿ ಎಲ್ಲಿ ತಿರುಗುತ್ತದೆ, ನೀರಿನ ಕೊಳವೆ ಯಾರ ಅಂಗಳದ ಅಡಿ ಹಾದುಹೋಗುತ್ತದೆ, ಯಾವ ದೀಪದ ಕಂಬ ಕುಡುಕನ ಹಾಗೆ ವಾಲಿದೆ, ಎಲ್ಲವೂ ಅವಳಿಗೆ ಅಂಗೈ ಮೇಲಿತ್ತು. ತಕರಾರು ಹೇಳಲು ಮೆಟ್ಟಿಲು ಹತ್ತಿ ಬಂದವರನ್ನು ಕುರ್ಚಿ ಕೊಟ್ಟು ಕೂರಿಸಿ, ನಕ್ಷೆ ತೋರಿಸಿ, ಬಾಯಿ ಮುಚ್ಚಿಸಿ ಕಳಿಸುತ್ತಿದ್ದಳು. ಅಂಥವಳ ಲೆಕ್ಕ ತಪ್ಪಿತು. ಒಂದಲ್ಲ ಎರಡಲ್ಲ, ನೂರ ಎಂಬತ್ತಮೂರು ಮನೆ ತಪ್ಪಿತು. ಹೇಗೆ ಅಂತ ಕೇಳಿ.

ಊರಿಗೆ ಹೊಸದಾಗಿ ಸಣ್ಣ ಬಸ್ಸುಗಳು ಬರುವುದಿತ್ತು. ಬಸ್ಸು ಎಂದಮೇಲೆ ಎಲ್ಲ ಬಡಾವಣೆಗೂ ಬೇಕು, ಬೇಡ ಎನ್ನುವವರು ಯಾರು? ಅದಕ್ಕೇ ಸಾರಿಗೆ ಸಮಿತಿಯವರು ಅಳೆದೂ ಸುರಿದೂ ಒಂದು ನಿಯಮ ಮಾಡಿದರು. ಬಸ್ಸು ನಿಲ್ಲುವ ಜಾಗದಿಂದ ಐದು ನಿಮಿಷ ನಡೆಯುವಷ್ಟು ದೂರದೊಳಗೆ ಆರುನೂರು ಮನೆಗಳಿದ್ದರೆ ಆ ಕಡೆ ಬಸ್ಸು, ಇಲ್ಲದಿದ್ದರೆ ಇಲ್ಲ. ಎಣಿಸಿ ಕೊಡುವ ಕೆಲಸ ನಕ್ಷೆಯಮ್ಮನದು. ಐದು ಬಡಾವಣೆಗಳಲ್ಲಿ ನಾಲ್ಕನ್ನು ಅವಳು ಹದಿನೈದು ದಿನ ಮುಂಚೆಯೇ ಎಣಿಸಿ ಕೊಟ್ಟಾಗಿತ್ತು. ಉಳಿದದ್ದು ಗುಡ್ಡದ ಬಡಾವಣೆ ಒಂದೇ.

ಉಳಿದದ್ದಲ್ಲ, ಬೇಕೆಂದೇ ಉಳಿಸಿಕೊಂಡದ್ದು. ಗುಡ್ಡದ ನೆತ್ತಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ಅವಳ ಒಬ್ಬಳೇ ಮಗಳ ಮನೆ ಇತ್ತು, ಮನೆಯಲ್ಲಿ ಐದು ತಿಂಗಳ ಮೊಮ್ಮಗಳಿದ್ದಳು. ಕೆಳಗಿನ ಬೀದಿಯಿಂದ ಅಲ್ಲಿಗೆ ಇನ್ನೂರ ನಲವತ್ತು ಮೆಟ್ಟಿಲು. ಹಿಂಬದಿಯಿಂದ ಸುತ್ತಿಕೊಂಡು ಹೋಗುವ ಟಾರು ರಸ್ತೆ ಇದೆ, ಆದರೆ ಅದು ಮೂರು ಕಿಲೋಮೀಟರ್ ಏರು. ನಕ್ಷೆಯಮ್ಮನ ಮಂಡಿಗಳು ಭಾನುವಾರಕ್ಕೊಮ್ಮೆ ಒಪ್ಪುತ್ತಿದ್ದವು, ಸೋಮವಾರ ಅದರ ಸೇಡು ತೀರಿಸಿಕೊಳ್ಳುತ್ತಿದ್ದವು. ಬಸ್ಸೊಂದು ಮೇಲೆ ಹೋದರೆ ದಿನಾ ಕಚೇರಿ ಬಿಟ್ಟವಳೇ ಹತ್ತಿ ಕೂತು ಮಗುವಿನ ಮುಖ ನೋಡಿ ಬರಬಹುದು. ಅವಳಿಗೆ ಆ ಬಸ್ಸು ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಬೇಕು ಅನ್ನುವುದು ಯಾರಿಗಾದರೂ ಗೊತ್ತಾದೀತು ಎಂದು ಹೆದರುವಷ್ಟು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾವೆಲ್ಲ ನೋಡಿದ್ದೇವೆ. ಈಕೆ ಕುಂಬಳಕಾಯಿಯ ಬಳ್ಳಿಯನ್ನೂ ಮುಟ್ಟದೆ ದಿನಕ್ಕೆ ಹತ್ತು ಸಲ ಹೆಗಲು ಮುಟ್ಟಿಕೊಳ್ಳುವ ಪೈಕಿ. ಮೊದಲೇ ಗುಡ್ಡವನ್ನು ಎಣಿಸಿದರೆ ‘ಮಗಳ ಬಡಾವಣೆಗೆ ಆತುರ ನೋಡು’ ಎಂದಾರು. ಅದಕ್ಕೇ ಕೊನೆಗಿಟ್ಟಳು. ಕೊನೆಗಿಟ್ಟದ್ದೇ ಎಡವಟ್ಟಾಯಿತು.

ಬುಧವಾರ ಬೆಳಿಗ್ಗೆ ಅವಳು ಕಂಪ್ಯೂಟರಿನಲ್ಲಿ ನಕ್ಷೆಯ ತಂತ್ರಾಂಶ ತೆರೆದಳು. ಮರುದಿನ ಹನ್ನೊಂದಕ್ಕೆ ಸಮಿತಿಯ ಸಭೆ. ಊರಿನ ಮನೆಗಳ ದಾಖಲೆ ಇರುವುದು ಅವಳ ಬಳಿ ಅಲ್ಲ, ದೂರದ ನಕ್ಷೆ ಕೇಂದ್ರದ ಸರ್ವರಿನಲ್ಲಿ. ತಂತ್ರಾಂಶದಲ್ಲಿ ಸರ್ವರಿನ ವಿಳಾಸ ಕೊಟ್ಟು ಒಂದು ಸಂಪರ್ಕ ಮಾಡಿಟ್ಟುಕೊಂಡರೆ, ಬೇಕೆಂದಾಗ ಅಲ್ಲಿಂದ ಮನೆಗಳನ್ನು ತರಿಸಿಕೊಂಡು ತನ್ನ ನಕ್ಷೆಯ ಮೇಲೆ ಹಾಸಿಕೊಳ್ಳಬಹುದು. ನಾಲ್ಕು ಬಡಾವಣೆ ಎಣಿಸಿದ್ದೂ ಹಾಗೆಯೇ. ಈ ದಿನ ಮಾತ್ರ ಹಳೆಯ ಸಂಪರ್ಕವನ್ನು ಒತ್ತಿದರೆ ಕೆಂಪು ಪಟ್ಟಿಯೊಂದು ಬಂದು ‘ಸಂಪರ್ಕ ಸಾಧ್ಯವಾಗಲಿಲ್ಲ’ ಎಂದಿತು. ಮತ್ತೆ ಒತ್ತಿದಳು. ಅದೇ ಕೆಂಪು, ಅದೇ ಮಾತು. ನಕ್ಷೆ ಕೇಂದ್ರಕ್ಕೆ ಫೋನು ಹಚ್ಚಿದಳು.

“ಹಳೇ ವಿಳಾಸ ಸೋಮವಾರಾನೇ ಮುಚ್ಚಿದೀವಲ್ಲ ಮೇಡಂ,” ಎಂದ ಅಲ್ಲಿನ ಎಂಜಿನಿಯರು, ಆರಾಮಾಗಿ. “ಹೊಸ ಸರ್ವರಿಗೆ ಹೋಗಿದೀವಿ. ಎಲ್ಲರಿಗೂ ಇಮೇಲ್ ಕಳಿಸಿದ್ವಿ.”

“ನಮ್ಮಲ್ಲಿ ಯಾರಿಗೆ ಕಳಿಸಿದ್ರಿ?”

“ನಕ್ಷೆ ವಿಭಾಗದ ಮುಖ್ಯಸ್ಥರಿಗೆ.”

ನಕ್ಷೆ ವಿಭಾಗದ ಮುಖ್ಯಸ್ಥರು ನಿವೃತ್ತರಾಗಿ ಆರು ವರ್ಷ ಕಳೆದಿತ್ತು. ಅಲ್ಲಿಂದೀಚೆಗೆ ವಿಭಾಗ ಅಂದರೆ ನಕ್ಷೆಯಮ್ಮ, ಎರಡು ಕುರ್ಚಿ ಮತ್ತು ತಿರುಗುವಾಗ ಗೊಣಗುವ ಒಂದು ಫ್ಯಾನು.

“ಅವರಿಗೆ ಬಂದದ್ದನ್ನ ಅವರೂ ಓದಲ್ಲ, ನಾನೂ ಓದಲ್ಲ,” ಎಂದಳು. “ಈಗ ನನಗೊಂದು ಕಳಿಸಿ, ಪುಣ್ಯ ಬರುತ್ತೆ.”

ಇಮೇಲ್ ಬಂತು, ಅದರಲ್ಲಿ ಎರಡು ವಿಳಾಸ. ಒಂದು ಚಿತ್ರದ ಸೇವೆಯದು. ಅದನ್ನು ಜೋಡಿಸಿದರೆ ಆಕಾಶದಿಂದ ತೆಗೆದ ಫೋಟೋದಲ್ಲಿ ಊರಿನ ಸೂರುಗಳೆಲ್ಲ ಚೆನ್ನಾಗಿ ಕಾಣುತ್ತವೆ, ಆದರೆ ತಂತ್ರಾಂಶಕ್ಕೆ ಎಣಿಸು ಎಂದರೆ ಎಣಿಸಲು ಬರುವುದಿಲ್ಲ. ಅದು ಕನ್ನಡಿಯೊಳಗಿನ ಗಂಟು. ಇನ್ನೊಂದು ದತ್ತಾಂಶದ ಸೇವೆಯದು. ಅಲ್ಲಿಂದ ಬರುವ ಒಂದೊಂದು ಮನೆಯೂ ಬೇರೆ ಬೇರೆ ಚುಕ್ಕೆಯಾಗಿ ಕೈಗೆ ಸಿಗುತ್ತದೆ, ಎಣಿಸಬಹುದು, ಮುಟ್ಟಿ ಮಾತಾಡಿಸಬಹುದು. ಅವಳಿಗೆ ಬೇಕಿದ್ದದ್ದು ಈ ಎರಡನೆಯದು. ‘ಹೊಸ ಸಂಪರ್ಕ’ ಎಂಬುದನ್ನು ಒತ್ತಿ, ಹೆಸರು ಬರೆದು, ವಿಳಾಸವನ್ನು ಇಮೇಲಿನಿಂದ ಎತ್ತಿ ತಂದು ಅಂಟಿಸಿದಳು. ಆಗಲಿಲ್ಲ. ಮುಕ್ಕಾಲು ಗಂಟೆ ಹೆಣಗಿದ ಮೇಲೆ ತಿಳಿಯಿತು, ವಿಳಾಸದ ಬಾಲಕ್ಕೆ ಒಂದು ಖಾಲಿ ಜಾಗವೂ ಅಂಟಿಕೊಂಡು ಬಂದಿತ್ತು. ಕಣ್ಣಿಗೆ ಕಾಣದ್ದು, ಆದರೆ ಸರ್ವರಿಗೆ ಅದೂ ಒಂದು ಅಕ್ಷರವೇ. ಅಳಿಸಿದೊಡನೆ ಮನೆ, ರಸ್ತೆ, ಚರಂಡಿ ಎಂದು ನಕ್ಷೆಯ ಪದರಗಳ ಪಟ್ಟಿ ತೆರೆದುಕೊಂಡಿತು. ನಕ್ಷೆಯಮ್ಮ ಆ ಖಾಲಿ ಜಾಗಕ್ಕೆ ಮನಸ್ಸಿನಲ್ಲೇ ಎರಡು ಬೈಗುಳ ಬೈದಳು.

ನೀರಿನ ಟ್ಯಾಂಕಿನ ಬಳಿ ಬಸ್ಸು ನಿಲ್ಲುವ ಜಾಗ ಗುರುತಾಗಿತ್ತು. ಅದರ ಸುತ್ತ ಐದು ನಿಮಿಷದ ನಡಿಗೆಯ ಗೆರೆ ಎಳೆದಳು, ಇಡೀ ಗುಡ್ಡ ಅದರೊಳಗೆ ಬಂತು. ಆ ಗೆರೆಯ ಒಳಗಿನ ಮನೆಗಳನ್ನಷ್ಟೇ ಕಳಿಸು ಎಂದು ಕೇಳಿದಳು. ಪರದೆಯ ಮೇಲುಗಡೆ ಒಂದು ಹಳದಿ ಪಟ್ಟಿ ಬಂದು ಏನೋ ಹೇಳಿತು. ದಿನಕ್ಕೆ ಹತ್ತು ಹಳದಿ ಪಟ್ಟಿ ಬರುತ್ತವೆ, ಹತ್ತನ್ನೂ ಓದುತ್ತ ಕೂತರೆ ಕೆಲಸ ಕೆಟ್ಟಂತೆಯೇ. ಅದನ್ನು ಮುಚ್ಚಿದಳು. ಕೆಳಗೆ ಲೆಕ್ಕ ಬಿತ್ತು: ಐನೂರು.

ಆರುನೂರು ಬೇಕಿತ್ತು, ಐನೂರಿದೆ. ಬಸ್ಸಿಲ್ಲ.

ಇಲ್ಲೊಂದು ವಿಷಯ ಹೇಳಬೇಕು. ಬೇರೆ ಬಡಾವಣೆಗಳನ್ನು ಎಣಿಸುವಾಗ ನಕ್ಷೆಯಮ್ಮನದು ಒಂದು ಕ್ರಮ. ಲೆಕ್ಕ ಬಂದಮೇಲೆ ಚುಕ್ಕೆಗಳ ಅಡಿಗೆ ಫೋಟೋದ ಪದರ ಹಾಕಿ, ಒಂದು ಲೋಟ ಟೀ ಮುಂದಿಟ್ಟುಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓಣಿ ಓಣಿ ನೋಡುತ್ತಿದ್ದಳು. ಸೂರಿದ್ದ ಕಡೆ ಚುಕ್ಕೆ ಇದೆಯೇ, ಚುಕ್ಕೆ ಇದ್ದ ಕಡೆ ಸೂರಿದೆಯೇ. ಮಾರನೆಯ ದಿನ ಇನ್ನೊಂದು ಸಲ. ನುಣ್ಣಗೆ ದುಂಡಗಿರುವ ಸಂಖ್ಯೆ ಬಂದರಂತೂ ಮೂರು ಸಲ. ಮನೆಗಳೇನು ಪೆಟ್ಟಿಗೆಯಲ್ಲಿ ಜೋಡಿಸಿ ತಂದ ಲೋಟಗಳೇ, ಐನೂರು ಅಂದರೆ ಸರಿಯಾಗಿ ಐನೂರೇ ಇರಲಿಕ್ಕೆ? ಇದನ್ನು ಬೇರೆಯವರಿಗೆ ಹೇಳಿಕೊಟ್ಟವಳೇ ಅವಳು. ಆದರೆ ಇದು ಮಗಳ ಬಡಾವಣೆ. ಮತ್ತೆ ಎಣಿಸಿದರೆ ‘ಕಡಿಮೆ ಬಂತು ಅಂತ ಕೆದಕುತ್ತಿದ್ದಾಳೆ’ ಎಂದಾರು. ಫೋಟೋ ಹಾಕಿ ಗುಡ್ಡದ ನೆತ್ತಿಗೆ ಹೋದರೆ, ಬಾಗಿಲಲ್ಲಿ ಹಾದುಹೋಗುವವರು ‘ಮಗಳ ಮನೆ ನೋಡುತ್ತಾ ಕೂತಿದ್ದಾಳೆ, ಕಚೇರಿ ಹೊತ್ತಿನಲ್ಲಿ’ ಎಂದಾರು. ಯಾರೂ ಅನ್ನಲಿಲ್ಲ, ಬಾಗಿಲಲ್ಲಿ ಯಾರೂ ಹಾಯಲೂ ಇಲ್ಲ. ಆದರೂ ನಕ್ಷೆಯಮ್ಮ ಕಿಟಕಿ ಮುಚ್ಚಿದ ಹಾಗೆ ಆ ನಕ್ಷೆಯನ್ನು ಮುಚ್ಚಿ, ‘ಗುಡ್ಡದ ಬಡಾವಣೆ, ಐನೂರು, ನಿಯಮಕ್ಕೆ ಸಾಲದು’ ಎಂದು ಬರೆದು ಸಮಿತಿಯ ಅಧ್ಯಕ್ಷರಿಗೆ ಕಳಿಸಿಬಿಟ್ಟಳು.

ಅಧ್ಯಕ್ಷರಿಗೆ ಪುರಸಭೆಯಲ್ಲಿ ‘ಆಮೇಲೆ ಸಾಹೇಬರು’ ಎಂದು ಹೆಸರು. ಯಾವ ಕಾಗದ ಕೊಟ್ಟರೂ ‘ಆಮೇಲೆ ನೋಡೋಣ’ ಎನ್ನುವುದು ಅವರ ಪದ್ಧತಿ. ಅವತ್ತೂ ಹಾಗೇ ಅಂದರು, ಕಾಗದ ನಾಳೆಯ ಕಡತಕ್ಕೆ ಸೇರಿತು.

ಸಂಜೆ ನಾಲ್ಕಕ್ಕೆ ಬೀಗಿತ್ತಿ ಬಂದಳು. ಬೀಗಿತ್ತಿ ಅಂದರೆ ಮಗಳ ಅತ್ತೆ, ಮಗಳ ಜೊತೆ ಅದೇ ಮನೆಯಲ್ಲಿರುವವಳು, ಗುಡ್ಡದ ಮೇಲೆ ಮೂವತ್ತು ವರ್ಷ ಅಂಚೆ ಹಂಚಿ ನಿವೃತ್ತಳಾದವಳು. ಊರಿಗೆಲ್ಲ ಅವಳು ಅಂಚೆಯಕ್ಕ. ಅರವತ್ತೆರಡಾದರೂ ಇನ್ನೂರ ನಲವತ್ತು ಮೆಟ್ಟಿಲನ್ನು ಪೇಪರ್ ಓದುತ್ತ ಇಳಿಯಬಲ್ಲಳು. ತರಕಾರಿಗೆ ಪೇಟೆಗೆ ಬಂದಾಗಲೆಲ್ಲ ಪುರಸಭೆಗೆ ಹತ್ತಿ, ಮೊಮ್ಮಗಳ ಸುದ್ದಿ ಹೇಳಿ ಹೋಗುವುದು ರೂಢಿ. ಇಬ್ಬರೂ ಒಬ್ಬರನ್ನೊಬ್ಬರು ‘ಬೀಗರೇ’ ಎಂದು ಕರೆಯುತ್ತ, ‘ನೀವು’ ಬಿಟ್ಟು ಬೇರೆ ಮಾತಾಡದೆ, ಮೂರು ವರ್ಷದಲ್ಲಿ ಒಂದು ಸಲವೂ ‘ಅದು ಹಾಗಲ್ಲ’ ಎಂದು ಹೇಳಿಕೊಳ್ಳದೆ ಬಂದವರು. ಬೀಗರ ಮುಂದೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

“ಕೂಸು ಇವತ್ತು ಮಗ್ಗುಲಾಯ್ತು ಬೀಗರೇ,” ಎಂದಳು ಅಂಚೆಯಕ್ಕ, ಚೀಲ ಕೆಳಗಿಡುತ್ತ. “ಮಗ್ಗುಲಾಗಿ, ತಾನೇ ಬೆಚ್ಚಿ, ಅಳೋದಾ ನಗೋದಾ ಅಂತ ನಮ್ಮ ಮುಖ ನೋಡ್ತು.”

ಅದನ್ನು ಕಣ್ಣಾರೆ ನೋಡಲಿಲ್ಲವಲ್ಲ ಎಂಬ ಸಂಕಟ ನಕ್ಷೆಯಮ್ಮನಿಗಾಯಿತು. ಅದು ಮಾತಾಗಿ ಹೊರಬಿತ್ತು.

“ಬಸ್ಸು ಬರಲ್ಲ ಬೀಗರೇ. ಎಣಿಸಿ ಕಳಿಸಿಬಿಟ್ಟೆ. ಐನೂರೇ ಮನೆ ಇರೋದು.”

ಅಂಚೆಯಕ್ಕ ಚೀಲದಿಂದ ಒಂದು ಬದನೆಕಾಯಿ ತೆಗೆದು, ನೋಡಿ, ಮತ್ತೆ ಒಳಗಿಟ್ಟಳು.

“ಇರಬಹುದು ಬಿಡಿ,” ಎಂದಳು. “ಕಂಪ್ಯೂಟರಿಗೆ ಗೊತ್ತಿರುತ್ತೆ. ನಮ್ಮದೆಲ್ಲ ಕಾಲಿನ ಲೆಕ್ಕ.”

“ನಿಮ್ಮ ಕಾಲಿನ ಲೆಕ್ಕ ಎಷ್ಟಿತ್ತು?”

“ಅಯ್ಯೋ, ಅದನ್ನ ಯಾರು ನೆನಪಿಟ್ಟುಕೊಂಡಿರ್ತಾರೆ?” ಎಂದ ಅಂಚೆಯಕ್ಕ ಒಂದು ಗುಟುಕು ನೀರು ಕುಡಿದಳು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ಅವಳ ಜಾಯಮಾನವಲ್ಲ, ಆದರೆ ಬೀಗತನದ ಮರ್ಯಾದೆ ನಾಲಿಗೆಯನ್ನು ಹಿಡಿದಿತ್ತು. ಲೋಟ ಕೆಳಗಿಟ್ಟು ಕೇಳಿದಳು. “ಆ ಐನೂರರಲ್ಲಿ ನಿಮ್ಮ ಮಗಳ ಮನೆ ಇದೆಯಾ, ಬೀಗರೇ?”

“ಇರದೆ ಎಲ್ಲಿ ಹೋಗುತ್ತೆ?”

“ನೋಡಿದ್ರಾ?”

ನೋಡಿರಲಿಲ್ಲ. ನಕ್ಷೆಯಮ್ಮ ಒಮ್ಮೆ ಬಾಗಿಲ ಕಡೆ ನೋಡಿ, ಮೌಸು ಹಿಡಿದು, ಗುಡ್ಡದ ನಕ್ಷೆ ತೆರೆದು, ಇಮೇಲಿನ ಮೊದಲನೆಯ ವಿಳಾಸದಿಂದ ಫೋಟೋದ ಪದರವನ್ನು ತಂದು ಚುಕ್ಕೆಗಳ ಅಡಿಗೆ ಹಾಕಿದಳು.

ಗುಡ್ಡದ ಬುಡದಲ್ಲಿ ಚುಕ್ಕೆಗಳು ಒತ್ತೊತ್ತಾಗಿದ್ದವು. ನಡುವಿನ ತಿರುವಿನಲ್ಲೂ ಇದ್ದವು. ಅಲ್ಲಿಂದ ಮೇಲೆ ಒಂದು ಸಾಲಿನ ತನಕ ಇದ್ದು, ಆಮೇಲೆ ಕತ್ತರಿಸಿ ತೆಗೆದ ಹಾಗೆ ಏನೂ ಇಲ್ಲ. ಫೋಟೋದಲ್ಲಿ ಮಾತ್ರ ಸೂರುಗಳು ಸಾಲುಸಾಲಾಗಿ ಬಿಸಿಲು ಕಾಯುತ್ತಿದ್ದವು. ನೀರಿನ ಟ್ಯಾಂಕಿನ ಪಕ್ಕದ ಆ ಕೆಂಪು ಹೆಂಚಿನ ಮನೆ, ಹಿತ್ತಲಲ್ಲಿ ಮಗುವಿನ ಬಟ್ಟೆ ಒಣಹಾಕುವ ತಂತಿ ಇರುವ ಮನೆ, ಅದರ ಮೇಲೂ ಚುಕ್ಕೆ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ.

ನಕ್ಷೆಯಮ್ಮ ಮತ್ತೆ ಮನೆಗಳನ್ನು ತರಿಸಿದಳು. ಹಳದಿ ಪಟ್ಟಿ ಮತ್ತೆ ಬಂತು. ಈ ಸಲ ಕನ್ನಡಕ ಸರಿಮಾಡಿಕೊಂಡು ಓದಿದಳು. ‘ಸರ್ವರಿನ ಮಿತಿ ಮುಟ್ಟಿದೆ. ಇಲ್ಲಿರುವುದು ಪೂರ್ತಿ ದತ್ತಾಂಶವಲ್ಲ.’

ಹೊಸ ಸರ್ವರು ಒಂದು ಸಲಕ್ಕೆ ಐನೂರು ಮನೆಗಿಂತ ಹೆಚ್ಚು ಕೊಡುವುದಿಲ್ಲ. ಹಳೆಯದು ಕೇಳಿದಷ್ಟೂ ಕೊಡುತ್ತಿತ್ತು. ಹಿಂದೆ ಯಾವಾಗಲೋ ಮನೆಗಳಿಗೆ ಸಂಖ್ಯೆ ಹಾಕಿದವರು ಗುಡ್ಡದ ಬುಡದಿಂದ ಹತ್ತುತ್ತ ಹತ್ತುತ್ತ ಹಾಕಿದ್ದರು. ಸರ್ವರು ಆ ಸಂಖ್ಯೆಯ ಸರದಿಯಲ್ಲೇ ಮೊದಲ ಐನೂರನ್ನು ಕೊಟ್ಟು ಕೈ ತೊಳೆದುಕೊಂಡಿತ್ತು. ಮೇಲಿನವರು ಸರದಿಯಲ್ಲಿ ಹಿಂದೆ ನಿಂತವರು, ಅವರಿಗೆ ಸಿಕ್ಕಿದ್ದು ಸೊನ್ನೆ. ಸಂಪರ್ಕದ ವಿವರದಲ್ಲಿ ‘ಪುಟ ಪುಟವಾಗಿ ತರಿಸು’ ಎಂಬ ಸಣ್ಣ ಚೌಕ ಇತ್ತು. ಅದಕ್ಕೆ ಗುರುತು ಹಾಕಿದರೆ ತಂತ್ರಾಂಶ ಒಂದು ಕಂತು ತೆಗೆದುಕೊಂಡು ಸುಮ್ಮನಾಗದೆ, ಮುಗಿಯುವವರೆಗೂ ಮತ್ತೆ ಮತ್ತೆ ಕೇಳುತ್ತದೆ. ಹಾಕಿದಳು. ಐನೂರು ಬಂತು, ಒಂದು ಕ್ಷಣ ನಿಂತಿತು, ಮುಂದೆ ಹೋಯಿತು. ಗುಡ್ಡದ ನೆತ್ತಿಯ ತುಂಬ ಚುಕ್ಕೆಗಳು ಎದ್ದವು. ಆರುನೂರ ಎಂಬತ್ತಮೂರು.

“ಹಾಂ,” ಎಂದಳು ಅಂಚೆಯಕ್ಕ. “ನನ್ನ ಕಾಲಿನ ಲೆಕ್ಕ ಆರುನೂರ ಎಪ್ಪತ್ತೊಂಬತ್ತಿತ್ತು. ನಾನು ಬಿಟ್ಟಮೇಲೆ ನಾಲ್ಕು ಕಟ್ಟಿದಾರೆ.”

ನಕ್ಷೆಯಮ್ಮನಿಗೆ ಕುಣಿಯಬೇಕು ಅನ್ನಿಸಬೇಕಿತ್ತು. ಬದಲಿಗೆ ಮೌಸಿನಿಂದ ಕೈ ಹಿಂದೆಳೆದುಕೊಂಡಳು.

“ಈಗ ಹೋಗಿ ಹೇಗೆ ಹೇಳಲಿ ಬೀಗರೇ? ಬೆಳಿಗ್ಗೆ ಐನೂರು ಅಂದವಳು ಸಂಜೆ ಆರುನೂರ ಎಂಬತ್ತಮೂರು ಅಂತೀನಿ. ಮಗಳಿಗೋಸ್ಕರ ಲೆಕ್ಕ ತಿದ್ದಿದಳು ಅನ್ನಲ್ವಾ ಜನ? ಇಪ್ಪತ್ತೆರಡು ವರ್ಷದ ಹೆಸರು ಒಂದೇ ದಿನಕ್ಕೆ ನೀರಿನಲ್ಲಿ ಹೋಮ.”

“ಹೋಗ್ಲಿ ಬಿಡಿ ಹಾಗಾದ್ರೆ, ಐನೂರೇ ಇರಲಿ,” ಎಂದಳು ಅಂಚೆಯಕ್ಕ, ನಯವಾಗಿ. ಎದ್ದು ಚೀಲ ಎತ್ತಿಕೊಂಡಳು. ಬಾಗಿಲ ತನಕ ಹೋದಳು. ಅಲ್ಲಿ ಅವಳ ಮೂರು ವರ್ಷದ ಮರ್ಯಾದೆ ಮುಗಿದುಹೋಯಿತು. ತಿರುಗಿ ಬಂದು ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು.

“ಇಲ್ಲ ಬೀಗರೇ, ಹೇಳೇ ಬಿಡ್ತೀನಿ, ನೀವು ಬೇಜಾರು ಮಾಡ್ಕೊಂಡ್ರೂ ಸರಿ. ಊರವರಿಗೆಲ್ಲ ಎರಡೆರಡು ಸಲ ಎಣಿಸ್ತೀರಿ, ಮೂರು ಸಲ ಎಣಿಸ್ತೀರಿ. ನಮ್ಮವರಿಗೆ ಒಂದೇ ಸಲಾನಾ? ಇದು ಯಾವ ನ್ಯಾಯ? ನಿಮ್ಮ ಮಗಳ ಮನೆ ಒಂದು ಬಿಟ್ಟಾಕಿ. ಅದರ ಪಕ್ಕದ ಮನೆ ಅಜ್ಜ ಕಣ್ಣಿನ ಡಾಕ್ಟರ ಹತ್ರ ಹೋಗೋದಕ್ಕೆ ಮಗನ ಬೆನ್ನ ಮೇಲೆ ಕೂತು ಇಳೀತಾನೆ. ಆಚೆ ಓಣೀಲಿ ಬಟ್ಟೆ ಒಗೆಯೋ ಅಕ್ಕತಂಗೀರು ಗಂಟುಗಳನ್ನ ತಲೆ ಮೇಲಿಟ್ಕೊಂಡು ಹತ್ತಿ ಹತ್ತಿ ಕುತ್ತಿಗೆ ಸೊಟ್ಟಗಾಗಿದೆ. ಅವರೆಲ್ಲ ನಿಮಗೆ ಏನು ಪಾಪ ಮಾಡಿದ್ರು? ನಿಮ್ಮ ಮಗಳ ಅಕ್ಕಪಕ್ಕ ಮನೆ ಕಟ್ಕೊಂಡದ್ದಾ?”

ನಕ್ಷೆಯಮ್ಮನಿಗೆ ಯಾರೂ ಇಪ್ಪತ್ತೆರಡು ವರ್ಷದಲ್ಲಿ ಹೀಗೆ ಮಾತಾಡಿರಲಿಲ್ಲ. ಮುಖ ಕೆಂಪಾಯಿತು. ಸಿಟ್ಟಿಗಲ್ಲ, ನಾಚಿಕೆಗೆ. ತಾನು ದೊಡ್ಡ ಪ್ರಾಮಾಣಿಕಳು ಅಂದುಕೊಂಡದ್ದು ಬರೀ ಹೆದರಿಕೆ ಎಂದು ಅವಳಿಗೆ ತಿಳಿಯಿತು. ತನ್ನ ಹೆಸರಿಗೆ ಮಸಿ ಹತ್ತಬಾರದೆಂದು ನೂರ ಎಂಬತ್ತಮೂರು ಮನೆಗಳನ್ನು ಅಳಿಸಿದ್ದಳು.

“ಬೇಜಾರಿಲ್ಲ ಬೀಗರೇ,” ಎಂದಳು. “ಕೂತ್ಕೊಳ್ಳಿ, ಟೀ ತರಿಸ್ತೀನಿ.”

“ಟೀ ಬೇಡ, ಬದನೆಕಾಯಿ ಬಾಡುತ್ತೆ,” ಎಂದು ಅಂಚೆಯಕ್ಕ ಹೊರಟುಹೋದಳು. ಮೆಟ್ಟಿಲಲ್ಲಿ ಅವಳ ಮೆಟ್ಟಿನ ಸದ್ದು ತುಂಬ ಹಗುರಾಗಿ ಕೇಳಿಸಿತು.

ಗುರುವಾರ ಹನ್ನೊಂದಕ್ಕೆ ಸಭೆ. ಉದ್ದ ಮೇಜು, ಏಳು ಜನ ಸದಸ್ಯರು, ಗೋಡೆಗೆ ಬಿಳಿ ಪರದೆ. ನಕ್ಷೆಯಮ್ಮ ಕಂಪ್ಯೂಟರನ್ನು ಪರದೆಗೆ ಜೋಡಿಸಿದವಳು ಕೂರಲಿಲ್ಲ. ಗುಡ್ಡದ ಕಡತ ಬಂದಾಗ ಆಮೇಲೆ ಸಾಹೇಬರು ‘ಐನೂರು, ಸಾಲದು’ ಎಂದು ಓದಿ ಪುಟ ತಿರುವಲು ಹೊರಟರು.

“ಆ ಲೆಕ್ಕ ತಪ್ಪು,” ಎಂದಳು. “ತಪ್ಪು ನನ್ನದೇ. ನನ್ನ ಮಗಳ ಮನೆ ಅಲ್ಲಿದೆ. ಅದಕ್ಕೇ ಎರಡನೇ ಸಲ ಎಣಿಸಲಿಲ್ಲ, ಪಕ್ಷಪಾತ ಅಂತೀರಿ ಅಂತ ಹೆದರಿದೆ. ಈಗ ಹೊಸ ಲೆಕ್ಕ ಹೇಳಿದ್ರೂ ನೀವು ನಂಬಬೇಕಾಗಿಲ್ಲ. ಅದಕ್ಕೇ ನಾನು ಹೇಳಲ್ಲ. ನಿಮ್ಮಲ್ಲೇ ಒಬ್ಬರು ಬಂದು ಎಣಿಸಿ, ನಾನು ಯಾವುದನ್ನೂ ಮುಟ್ಟಲ್ಲ.”

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಕಡೆಗೆ ಎದ್ದದ್ದು ಕೆರೆ ಬಡಾವಣೆಯ ಸದಸ್ಯ, ಕಸುಬಿನಿಂದ ದರ್ಜಿ. ಗುಡ್ಡಕ್ಕೆ ಬಸ್ಸು ಇಲ್ಲವೆಂದಾದರೆ ಆ ಬಸ್ಸು ಕೆರೆ ಬಡಾವಣೆಗೆ ಎರಡನೆಯ ಸುತ್ತು ಹೊಡೆಯುವುದೆಂದು ಮೊದಲೇ ಮಾತಾಗಿತ್ತು. ಅಂದರೆ ಲೆಕ್ಕ ಕಡಿಮೆ ಬಂದರೆ ಲಾಭ ಅವನಿಗೇ. ಆದರೂ ನಕ್ಷೆಯಮ್ಮ ಕುರ್ಚಿ ಎಳೆದು ಕೊಟ್ಟಳು.

“ನನಗೆ ಹೊಲಿಗೆ ಮಿಷನ್ ಗೊತ್ತು, ಇದು ಗೊತ್ತಿಲ್ಲ,” ಎಂದ ದರ್ಜಿ, ತೋಳು ಮಡಚುತ್ತ. “ಹೇಳ್ತಾ ಹೋಗಿ ಅಕ್ಕಾ, ಮಾಡ್ತಾ ಹೋಗ್ತೀನಿ.”

ಅವಳು ನಿನ್ನೆಯ ಸಂಪರ್ಕವನ್ನು ಅವನ ಕೈಯಲ್ಲೇ ಅಳಿಸಿಸಿದಳು. ಹೊಸದನ್ನು ಅವನೇ ಮಾಡಿದ. ಎರಡು ವಿಳಾಸಗಳಲ್ಲಿ ಮೇಲಿನದನ್ನು ಎತ್ತಿಕೊಂಡ, ಪರದೆಯ ತುಂಬ ಸೂರುಗಳು ಕಂಡವು.

“ಬಂತಲ್ಲ ನೋಡಿ,” ಎಂದ ಹೆಮ್ಮೆಯಿಂದ. ಎಣಿಕೆಯ ಗುಂಡಿ ಒತ್ತಿದ. ಮತ್ತೆ ಒತ್ತಿದ. “ಇದೇನಕ್ಕಾ, ಇಷ್ಟೊಂದು ಮನೆ ಕಣ್ಣಿಗೆ ಕಾಣ್ತಿದೆ, ಎಣಿಸು ಅಂದ್ರೆ ಮಿಸುಕಲ್ಲ?”

“ಅದು ಫೋಟೋ. ಫೋಟೋದಲ್ಲಿರೋ ಅಂಗಿಗೆ ಗುಂಡಿ ಹಾಕೋಕಾಗುತ್ತಾ? ಕೆಳಗಿನ ವಿಳಾಸ ತಗೊಳ್ಳಿ.”

ಸಭೆ ನಕ್ಕಿತು, ದರ್ಜಿಯೂ ನಕ್ಕ. ಕೆಳಗಿನದನ್ನು ಜೋಡಿಸಿ, ಐದು ನಿಮಿಷದ ಗೆರೆಯ ಒಳಗಿನ ಮನೆಗಳನ್ನು ಕೇಳಿದ. ಸಂಖ್ಯೆ ಬಿತ್ತು. ಐನೂರು.

“ಮೊದಲಿನ ಲೆಕ್ಕಾನೇ ಸರಿಯಲ್ಲ?” ಎಂದ ದರ್ಜಿ. ಅವನ ಮುಖದಲ್ಲಿ ಕೆರೆ ಬಡಾವಣೆಯ ಎರಡನೆಯ ಸುತ್ತು ಹೊಳೆಯಿತು. ಆಮೇಲೆ ಸಾಹೇಬರ ಪೆನ್ನು ಮುಚ್ಚಳ ಬಿಚ್ಚಿಕೊಂಡಿತು. ನಕ್ಷೆಯಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು, ಎಲ್ಲಿ ತಾನೇ ಹೋಗಿ ಮೌಸು ಹಿಡಿದುಬಿಡುತ್ತೇನೋ ಎಂದು.

“ಮೇಲೆ ಹಳದಿ ಪಟ್ಟಿ ಬಂದಿದೆ,” ಎಂದಳು. “ಅದನ್ನ ಎಲ್ಲರಿ‌ಗೂ ಕೇಳಿಸೋ ಹಾಗೆ ಓದಿ.”

ದರ್ಜಿ ಓದಿದ. ಅರ್ಧಕ್ಕೆ ದನಿ ತಗ್ಗಿತು. ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡ. ಆ ಪಟ್ಟಿಯನ್ನು ಮುಚ್ಚಿ ‘ಏನೋ ಕಂಪ್ಯೂಟರಿನ ಗೊಣಗಾಟ’ ಎಂದಿದ್ದರೆ ಆ ಕೋಣೆಯಲ್ಲಿ ಅವನನ್ನು ಕೇಳುವವರಿರಲಿಲ್ಲ. ನಿನ್ನೆ ನಕ್ಷೆಯಮ್ಮನೇ ಮುಚ್ಚಿರಲಿಲ್ಲವೇ? ಅವನು ಮುಚ್ಚಲಿಲ್ಲ.

“ಪೂರ್ತಿ ಅಲ್ವಂತೆ,” ಎಂದ ಸಭೆಯ ಕಡೆ ತಿರುಗಿ. “ಒಂದೇ ತೋಳು ಅಳೆದು ಅಂಗಿ ಹೊಲಿದ ಹಾಗಾಯ್ತು. ಇನ್ನೊಂದು ತೋಳು ಎಲ್ಲಿದೆ ಅಕ್ಕಾ?”

‘ಪುಟ ಪುಟವಾಗಿ ತರಿಸು’ ಎಂಬ ಚೌಕವನ್ನು ತೋರಿಸಿದಳು, ಬೆರಳಿನಿಂದಲ್ಲ, ಗಲ್ಲದಿಂದ. ದರ್ಜಿ ಗುರುತು ಹಾಕಿದ. ಐನೂರು ಬಂದು ನಿಂತಿತು, ಮತ್ತೆ ಸಂಖ್ಯೆ ಮುಂದೆ ಹೊರಟಿತು. ಗೋಡೆಯ ಮೇಲೆ ಗುಡ್ಡ ತುಂಬಿತು. ಆರುನೂರ ಎಂಬತ್ತಮೂರು. ದರ್ಜಿ ಅಷ್ಟಕ್ಕೇ ಬಿಡದೆ ಫೋಟೋವನ್ನು ಚುಕ್ಕೆಗಳ ಅಡಿ ಹಾಕಿಸಿ, ಮೇಲಿನ ಓಣಿಗಳನ್ನು ಒಂದೊಂದಾಗಿ ನೋಡಿದ. ಕಾಲು ಗಂಟೆ ಹಿಡಿಯಿತು, ಯಾರೂ ಆಕಳಿಸಲಿಲ್ಲ.

“ಸೂರಿದ್ದ ಕಡೆಗೆಲ್ಲ ಚುಕ್ಕೆ ಇದೆ,” ಎಂದು ಎದ್ದ. “ನಮ್ಮ ಕೆರೆ ಕಡೆಗೆ ಎರಡನೇ ಸುತ್ತು ಹೋಯ್ತು. ಹೋಗ್ಲಿ. ಸುಳ್ಳು ಅಳತೆ ಕೊಟ್ಟು ಬಟ್ಟೆ ಉಳಿಸ್ಕೊಳ್ಳೋ ದರ್ಜಿ ನಾನಲ್ಲ.”

ಎಲ್ಲರೂ ಅಧ್ಯಕ್ಷರ ಕಡೆ ನೋಡಿದರು. ಅವರು ಕಾಗದ ನೋಡಿದರು, ಗೋಡೆ ನೋಡಿದರು, ಬೆನ್ನ ಹಿಂದೆ ಕೈಕಟ್ಟಿ ನಿಂತ ನಕ್ಷೆಯಮ್ಮನನ್ನು ನೋಡಿದರು. ಅವಳು ಇನ್ನೂ ಕೂತಿರಲಿಲ್ಲ.

“ಆಮೇಲೆ ಯಾಕೆ,” ಎಂದರು, “ಈಗಲೇ ರುಜು ಹಾಕ್ತೀನಿ.” ಹಾಕಿದರು. ಪುರಸಭೆಯ ಇತಿಹಾಸದಲ್ಲಿ ಅದೇ ಮೊದಲು, ಅದೇ ಕೊನೆ.

ಯಾರೂ ಅವಳನ್ನು ಪಕ್ಷಪಾತಿ ಎನ್ನಲಿಲ್ಲ. ಒಬ್ಬ ಸದಸ್ಯ ಮಾತ್ರ ಹೊರಹೋಗುವಾಗ “ನಮ್ಮ ಬಡಾವಣೇಲೂ ನಿಮ್ಮ ನೆಂಟರು ಯಾರಾದ್ರೂ ಮನೆ ಮಾಡಬಾರದಾ?” ಎಂದು ಕೇಳಿದ. ಎರಡು ದಿನ ಮುಂಚೆ ಆ ಮಾತಿಗೆ ಅವಳು ಭೂಮಿಗಿಳಿದುಹೋಗುತ್ತಿದ್ದಳು. ಈಗ “ಬಾಡಿಗೆ ಕಡಿಮೆ ಮಾಡಿಸಿ, ನೋಡೋಣ” ಎಂದಳು.

ಒಂದು ತಿಂಗಳಿಗೆ ಬಸ್ಸು ಬಂತು. ಮೊದಲ ದಿನ ಸಂಜೆ ಐದೂವರೆಗೆ ನಕ್ಷೆಯಮ್ಮ ಕಚೇರಿಯ ಎದುರೇ ಹತ್ತಿದಳು. ಪೇಟೆಯಲ್ಲಿ ಅಂಚೆಯಕ್ಕ ಚೀಲ ಸಮೇತ ಹತ್ತಿ ಪಕ್ಕದಲ್ಲಿ ಕೂತು, ಮೂರು ಕಿಲೋಮೀಟರ್ ಉದ್ದಕ್ಕೂ ‘ಕೂತು ಹತ್ತೋದು ಅಂದ್ರೆ ಏನೋ ಕಳ್ಳತನ ಮಾಡಿದ ಹಾಗಿದೆ’ ಎನ್ನುತ್ತ ಬಂದಳು. ಬಟ್ಟೆ ಗಂಟುಗಳ ಅಕ್ಕತಂಗಿಯರು ಹಿಂದಿನ ಸೀಟಿನಲ್ಲಿ ಗಂಟುಗಳನ್ನೂ ಮನುಷ್ಯರ ಹಾಗೆ ಕೂರಿಸಿಕೊಂಡಿದ್ದರು. ನೀರಿನ ಟ್ಯಾಂಕಿನ ಬಳಿ ಇಳಿದರೆ ಮಗಳ ಮನೆಗೆ ನಲವತ್ತು ಹೆಜ್ಜೆ.

ಬಾಗಿಲು ತೆರೆದೇ ಇತ್ತು. ನಕ್ಷೆಯಮ್ಮ ಹೊಸಿಲಲ್ಲಿ ನಿಂತು, “ಎಲ್ಲಿದ್ದಾಳೆ ನನ್ನ ಬಂಗಾರಿ?” ಎಂದು ಕೇಳಿದಳು.

ಒಳಗಿನಿಂದ ಮಗಳು ಗಾಬರಿಯಲ್ಲಿ ಓಡಿ ಬಂದಳು. “ನೀನಾ ಅಮ್ಮ? ಯಾರೋ ಅಂದ್ಕೊಂಡೆ. ನೀನು ಬರೋದು ಗೊತ್ತಾಗೋದೇ ಏದುಸಿರಿನಿಂದ. ಮಾತು ಬರೋದು ಅರ್ಧ ಗಂಟೆ ಆದ್ಮೇಲೆ.”

ಅದು ನಿಜ. ಇಷ್ಟು ದಿನ ಆ ಮಗುವಿಗೆ ಅಮ್ಮನ ಅಮ್ಮ ಎಂದರೆ ಗೋಡೆಗೊರಗಿ ಕೂತು, ಎದೆ ಹಿಡಿದುಕೊಂಡು, ಬುಸುಬುಸು ಎನ್ನುವ ಯಾರೋ ಒಬ್ಬಳು. ಉಸಿರು ಹತೋಟಿಗೆ ಬರುವಷ್ಟರಲ್ಲಿ ಮಗುವಿನ ಕಣ್ಣು ಎಳೆಯುತ್ತಿತ್ತು, ಅದು ಏಳುವ ಮುಂಚೆ ಇವಳು ಬೆಳಕಿರುವಾಗಲೇ ಮೆಟ್ಟಿಲಿಳಿಯಬೇಕಿತ್ತು. ಆರು ತಿಂಗಳಲ್ಲಿ ಒಂದು ಸಲವೂ ಅದರೊಡನೆ ನೆಟ್ಟಗೆ ನಾಲ್ಕು ಮಾತಾಡಿರಲಿಲ್ಲ. ಅದು ಇಷ್ಟು ದಿನ ಯಾಕೆ ತನಗೇ ಹೊಳೆಯಲಿಲ್ಲ ಎಂದು ನಕ್ಷೆಯಮ್ಮನಿಗೆ ಆಶ್ಚರ್ಯವಾಯಿತು.

ಮಗು ಚಾಪೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿತ್ತು. ಅವಳು ಪಕ್ಕದಲ್ಲಿ ಕೂತು ಇನ್ನೊಮ್ಮೆ, ಮೆಲ್ಲಗೆ, “ಎಲ್ಲಿದ್ದಾಳೆ ನನ್ನ ಬಂಗಾರಿ?” ಎಂದಳು. ಮಗು ತಲೆ ಎತ್ತಿತು. ಈ ದನಿ ಯಾರದು ಎಂದು ಅವಳ ಬಾಯಿಯನ್ನೇ ದಿಟ್ಟಿಸಿತು. ಅವಳು ಮತ್ತೆ ಹೇಳಿದಳು. ಮಗು ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕು, ಉತ್ತರವಾಗಿ ತಾನೂ ಏನೋ ಉದ್ದಕ್ಕೆ ಹೇಳಿತು. ನಕ್ಷೆಯಮ್ಮನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲ, ಮಗು ಇನ್ನೂ ಮಾತಾಡುತ್ತಿತ್ತು.

“ಕೊನೇ ಬಸ್ಸು ಎಂಟಕ್ಕೆ ಬೀಗರೇ,” ಎಂದಳು ಅಂಚೆಯಕ್ಕ ಅಡುಗೆಮನೆಯಿಂದ. “ನಿಧಾನವಾಗಿ ಮಾತಾಡ್ಕೊಳ್ಳಿ ಇಬ್ಬರೂ.”